ಇದೂ ಹಾಗೇ ಇದೆ

ನಮ್ಮ ಲ್ಯಾಬ್ ಮೇಷ್ಟ್ರ ಮೂಗಿನ ತುದಿಯಲ್ಲಿ ಸದಾ ಒಂದು ಮಸಿಯ ಗುರುತು ಇರುತ್ತಿತ್ತು. ಕನ್ನಡಕವನ್ನು ಹಣೆಗೆ ಏರಿಸಿ, ಪ್ರಿಂಟರಿನಿಂದ ಆಗತಾನೆ ಹೊರಬಂದ ಉದ್ದನೆಯ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಅವರು ಅದನ್ನು ಎಷ್ಟು ಹತ್ತಿರ ತಂದುಕೊಳ್ಳುತ್ತಿದ್ದರೆಂದರೆ ರಿಬ್ಬನ್ನಿನ ಹಸಿ ಮಸಿ ಮೂಗಿಗೆ ತಾಗುತ್ತಿತ್ತು. ಮೇಷ್ಟ್ರು ಕಾಗದ ಓದುವುದಿಲ್ಲ, ಮೂಸುತ್ತಾರೆ ಎಂದು ಹುಡುಗರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಒಮ್ಮೆ ಕರವಸ್ತ್ರದಿಂದ ಮೂಗು ಒರೆಸಿಕೊಂಡು, ಮಸಿ ಹೋಯಿತೇ ಎಂದು ಆ ಹುಡುಗರನ್ನೇ ಕೇಳಿದರಂತೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಅರಸೀಕೆರೆಯಲ್ಲಿ ರೈಲು ಹಳಿಯ ಆಚೆ ಬದಿಗಿದ್ದ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಆಫೀಸಿನ ಟೈಪಿಸ್ಟ್. ಅವರು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಪಾಠ ಮಾಡುವ ಲೆಕ್ಚರರುಗಳು ಬೇರೆ ಇದ್ದರು. ಇವರದು ಮಷಿನ್‌ಗಳನ್ನು ನೋಡಿಕೊಳ್ಳುವ, ಹುಡುಗರು ಕೆಡಿಸಿದ್ದನ್ನು ಸರಿಮಾಡುವ ಕೆಲಸ, ಅದೂ ವರ್ಷ ವರ್ಷಕ್ಕೆ ನವೀಕರಿಸುವ ತಾತ್ಕಾಲಿಕ ನೌಕರಿ. ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಕಂಪ್ಯೂಟರನ್ನು ತಾವಾಗಿಯೇ ಕಲಿತಿದ್ದರು. ಐವತ್ತು ದಾಟಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು.

ನನ್ನ ವಿಷಯ ಇಷ್ಟು. ಮದುವೆಯಾಗಿ ಬಿಕ್ಕೋಡಿಗೆ ಹೋಗಿದ್ದೆ. ನನ್ನ ಯಜಮಾನರು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಬರೆಯುವ ಕೆಲಸ. ಮದುವೆಯಾದ ಎರಡನೇ ವರ್ಷ ಎಸ್ಟೇಟಿನ ಜೀಪು ಇಳಿಜಾರಿನಲ್ಲಿ ಮಗುಚಿತು, ಅವರು ಉಳಿಯಲಿಲ್ಲ. ನಾನು ಹಾರನಹಳ್ಳಿಗೆ, ಅಣ್ಣನ ಮನೆಗೆ ವಾಪಸು ಬಂದೆ. ಟೈಪಿಂಗ್ ಪರೀಕ್ಷೆ ಮುಗಿಸಿದ್ದರಿಂದ ಈ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಟೆಂಪೋ ಹತ್ತುತ್ತಿದ್ದೆ, ಅರಸೀಕೆರೆಯಲ್ಲಿ ಇಳಿಯುತ್ತಿದ್ದೆ. ಸಂಜೆ ಹಾಗೇ ತಿರುಗಿ ಹೋಗುತ್ತಿದ್ದೆ. ನಾನು ಅಳದೇ ಇದ್ದುದನ್ನು ನೋಡಿ ಕೆಲವರು ಗಟ್ಟಿಗಿತ್ತಿ ಎಂದರು. ಇನ್ನು ಕೆಲವರು ಬೇರೆ ಏನೋ ಅಂದರು. ನಿಜ ಹೇಳಬೇಕೆಂದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಊಟ ಬಡಿಸಿದರೆ ಉಣ್ಣುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ.

ಆಫೀಸಿಗೂ ಕಂಪ್ಯೂಟರ್ ಬಂದ ಮೇಲೆ ನನ್ನ ಟೈಪ್‌ರೈಟರಿಗೆ ಮುಸುಕು ಹಾಕಿಟ್ಟರು. ಮಧ್ಯಾಹ್ನದ ಮೇಲೆ ನನಗೆ ಕೆಲಸವಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಮೇಷ್ಟ್ರು ನನ್ನ ಮೇಜಿನ ಮುಂದೆ ಬಂದು ನಿಂತರು. ಅವರು ಎಷ್ಟು ಓದಿಕೊಂಡಿದ್ದರೂ ಬಾಣಾವರದ ಕಡೆಯ ತಮ್ಮ ಹಳ್ಳಿಯ ಮಾತನ್ನು ಬಿಟ್ಟವರಲ್ಲ.

"ಇಂಗ್ಲಿಷ್ ಅಕ್ಷರ ಗಟ್ಟಿಯಾಗಿ ಓದೋಕೆ ಬತ್ತದೇನಮ್ಮ?"

"ಓದ್ತೀನಿ ಸರ್. ಅರ್ಥ ಆಗಬೇಕಾ?"

"ಬ್ಯಾಡ. ಅರ್ಥ ಆಗದೇ ಇದ್ರೇ ಒಳ್ಳೇದು."

ಮೊದಲು ಕೊನೆಯ ವರ್ಷದ ಇಬ್ಬರು ಹುಡುಗರ ಹತ್ತಿರ ಓದಿಸಿ ನೋಡಿದ್ದರಂತೆ. ಅವರು ತಮಗೆ ತಿಳಿದದ್ದನ್ನು ಓದಿ, ತಿಳಿಯದ್ದನ್ನು ನುಂಗುತ್ತಿದ್ದರಂತೆ. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು, ಎರಡು ಗಂಟೆಯಿಂದ ನಾಲ್ಕು ಗಂಟೆಯವರೆಗೆ ನಾನು ಲ್ಯಾಬಿನಲ್ಲಿ ಕುಳಿತು ಓದಬೇಕೆಂದು ಗೊತ್ತುಮಾಡಿದರು. ಓದುವುದೆಂದರೆ ಪುಸ್ತಕವಲ್ಲ. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಸಿ.ಡಿ. ಬಂದಿತ್ತು. ಅದರಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಂ ಇತ್ತು. ಮಷಿನ್ನನ್ನು ನಡೆಸುವ ಅದರ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಕರ್ನಲ್ಲಿನಲ್ಲಿ ಫೈಲ್ ಸಿಸ್ಟಂ ಎಂಬ ಭಾಗ ಒಂದಿದೆ. ಡಿಸ್ಕಿನ ಮೇಲೆ ಯಾವ ಫೈಲು ಎಲ್ಲಿದೆಯೆಂದು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ದೇಶ ದೇಶಗಳ ಜನ ಸೇರಿ ಬರೆದ ಆ ಕೋಡನ್ನು ಮೇಷ್ಟ್ರು ಉದ್ದನೆಯ ಕಾಗದದಲ್ಲಿ ಪ್ರಿಂಟ್ ಮಾಡಿ ಕಟ್ಟುಗಟ್ಟಿ ಇಟ್ಟಿದ್ದರು. ತಿಂಗಳುಗಳಿಂದ ಅದನ್ನು ತಾವೇ ಓದುತ್ತಿದ್ದರು. ಈಗ ಸಾಲುಗಳು ಒಂದರೊಳಗೊಂದು ಕರಗಿ ಹೋಗುತ್ತಿದ್ದವು.

ಓದುವುದಕ್ಕೆ ಅವರದೇ ಒಂದು ಕ್ರಮವಿತ್ತು. ಹೂವಿನ ಆವರಣ ಚಿಹ್ನೆ, ಅಂದರೆ ಬಾಗಿದ ಬ್ರಾಕೆಟ್ಟು, ತೆರೆದುಕೊಂಡರೆ "ಬಾಗಿಲು ತೆಗಿ" ಅನ್ನಬೇಕು. ಮುಚ್ಚಿಕೊಂಡರೆ "ಬಾಗಿಲು ಹಾಕು." ಸಾಲಿನ ಕೊನೆಯ ಸೆಮಿಕೋಲನ್ನಿಗೆ "ಚುಕ್ಕಿ" ಅಂದರೆ ಸಾಕು. ನಾನು ಇಫ್, ವೈಲ್, ಬಾಗಿಲು ತೆಗಿ, ಚುಕ್ಕಿ, ಬಾಗಿಲು ಹಾಕು ಎಂದು ಒಂದೇ ದನಿಯಲ್ಲಿ ಓದುತ್ತಾ ಹೋಗುತ್ತಿದ್ದೆ. ಅವರು ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿ, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಕೇಳುತ್ತಿದ್ದರು. ತೆರೆದ ಬಾಗಿಲುಗಳನ್ನು ಬೆರಳಿನಲ್ಲಿ ಇಟ್ಟುಕೊಳ್ಳುತ್ತಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ರೈಲು ಹೋಗುವಾಗ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಆಗ ಕೈ ಎತ್ತುತ್ತಿದ್ದರು, ನಾನು ನಿಲ್ಲಿಸುತ್ತಿದ್ದೆ. ರೈಲು ದಾಟಿದ ಮೇಲೆ ಅರ್ಧಕ್ಕೆ ನಿಂತ ಮಾತನ್ನು ಅವರೇ ಹೇಳಿಕೊಡುತ್ತಿದ್ದರು.

ಮೊದಲ ವಾರದ ಕೊನೆಯಲ್ಲಿ ಒಂದು ಮಾತು ಹೇಳಿದರು. "ನಿನ್ನ ದನಿ ಚೆನ್ನಾಗೈತೆ ಕಣಮ್ಮ. ಏನೂ ಸೇರ್ಸಲ್ಲ. ಇರೋದನ್ನ ಓದ್ತೀಯ."

ನನ್ನ ದನಿ ಹಾಗೇಕೆ ಆಗಿತ್ತೆಂದು ಅವರಿಗೆ ಗೊತ್ತಿತ್ತು. ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಯಜಮಾನರು ಹೋದ ಮೇಲಿನ ಆ ಒಂದೂವರೆ ವರ್ಷದಲ್ಲಿ ಅದನ್ನು ಒಳ್ಳೆಯದು ಎಂದವರು ಅವರೊಬ್ಬರೇ.

ಒಂದು ದಿನ ನಾನು ಹೀಗೇ ಓದುತ್ತಿದ್ದಾಗ ನಿಲ್ಲಿಸು ಎಂದು ಕೈ ಎತ್ತಿದರು. ರೈಲು ಬಂದಿರಲಿಲ್ಲ. ಇದನ್ನು ಸೋಮವಾರ ಓದಿದ್ದೆಯಲ್ಲ ಎಂದರು. ಇಲ್ಲ ಸರ್, ಇದು ಬೇರೆ ಕಟ್ಟು ಎಂದೆ. "ಕಟ್ಟು ಬ್ಯಾರೆ ಇರಬೌದು. ಮಾತು ಅದೇಯ" ಅಂದರು. ಸೋಮವಾರದ ಕಟ್ಟನ್ನು ಬಿಚ್ಚಿ, ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟೆ. ಒಂದು ಸಾಲೂ ಹೆಚ್ಚುಕಡಿಮೆ ಇಲ್ಲದೆ ಅದೇ ಇತ್ತು. ಮೊದಲನೆಯದು, ಫೋಲ್ಡರಿನಲ್ಲಿ ಒಂದು ಫೈಲಿನ ಹೆಸರನ್ನು ಹುಡುಕುವ ಕಡೆ. ಎರಡನೆಯದು, ಹೊಸ ಹೆಸರನ್ನು ಸೇರಿಸುವ ಕಡೆ. ಎರಡು ಕಡೆಯೂ ಹೆಸರುಗಳ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ನೋಡುತ್ತಾ ಹೋಗಬೇಕು. ಯಾರೋ ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ಹಾಗೇ ಇಳಿಸಿದ್ದರು. ಕಣ್ಣಿನಿಂದ ಓದುವಾಗ ಮೇಷ್ಟ್ರಿಗೇ ಅದು ಕಂಡಿರಲಿಲ್ಲ. ನೋಡಿದ ತಕ್ಷಣ ಕಣ್ಣು ಗೊತ್ತಿರುವುದನ್ನು ದಾಟಿಬಿಡುತ್ತದೆ ಎಂದರು.

ಅದರಿಂದ ಏನು ತೊಂದರೆ ಎಂದು ನಾನು ಕೇಳಿದೆ. ನಾನಾಗಿ ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವರು ಕಾಲೇಜಿನ ನೋಟಿಸ್ ಬೋರ್ಡುಗಳ ವಿಷಯ ಹೇಳಿದರು. ಹಿಂದಿನ ವರ್ಷ ಪರೀಕ್ಷೆಯ ವೇಳಾಪಟ್ಟಿಯನ್ನು ಮೂರು ಬೋರ್ಡಿಗೆ ಅಂಟಿಸಿದ್ದರು. ಒಂದು ದಿನಾಂಕ ಬದಲಾದಾಗ ಆಫೀಸಿನ ಮುಂದಿನ ಬೋರ್ಡಿನಲ್ಲಿ ಮಾತ್ರ ತಿದ್ದಿದರು. ವರ್ಕ್‌ಶಾಪಿನ ಬೋರ್ಡು ನೋಡಿಕೊಂಡಿದ್ದ ಹುಡುಗರು ಪರೀಕ್ಷೆ ಮುಗಿದ ಮಾರನೇ ದಿನ ಪೆನ್ನು ಹಿಡಿದು ಬಂದರು. "ಇದೂ ಅಷ್ಟೇಯ. ಒಂದು ಕಡೆ ತಿದ್ದಿದೋನು ಇನ್ನೊಂದು ಕಡೆ ಮರೀತಾನೆ. ಒಂದೇ ಕಡೆ ಇಟ್ಟು, ಬೇಕಾದೋರು ಅಲ್ಲಿಗೇ ಬಂದು ಕೇಳೋ ಹಂಗೆ ಮಾಡಬೇಕು."

ಅಂದಿನಿಂದ ಅವರಿಗೆ ಅದೇ ಕೆಲಸವಾಯಿತು. ಸೇರಿಸುವ ಕಡೆ ಸಿಕ್ಕಿದ ಮೇಲೆ ಅಳಿಸುವ ಕಡೆಯೂ ಇದೇ ಇರಬೇಕೆಂದು ಅವರ ಊಹೆ. ಮೂರನೆಯ ಕಟ್ಟನ್ನು ತೆಗೆಸಿದರು.

ಅದು ಏಪ್ರಿಲ್ ತಿಂಗಳು. ಸೆಖೆಯಿತ್ತು. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಅವತ್ತು ನನಗೆ ವಿಶೇಷ ಕಾರಣ ಯಾವುದೂ ಇರಲಿಲ್ಲ. ಓದಲು ಶುರುಮಾಡಿದೆ. ಮೊದಲ ಏಳೆಂಟು ಸಾಲು ಅದೇ ಮಾತು. ನನಗೂ ಅದು ಬಾಯಿಪಾಠವಾಗಿ ಹೋಗಿತ್ತು. ಮುಂದಿನದರ ಮೇಲೆ ಕಣ್ಣು ಹಾಯಿಸಿದೆ. ಅದೇ ಬಾಗಿಲು, ಅದೇ ಚುಕ್ಕಿ. "ಇದೂ ಹಾಗೇ ಇದೆ ಸರ್" ಅಂದೆ.

ಮೇಷ್ಟ್ರು ಮಡಚಿದ್ದ ಬೆರಳುಗಳನ್ನು ಬಿಡಿಸಿದರು. "ಸರಿ ಹಂಗಾರೆ" ಅಂದರು.

ಮುಂದಿನ ವಾರಗಳಲ್ಲಿ ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಮೂರೂ ಕಡೆಯಿಂದ ಆ ತುಣುಕನ್ನು ಕಿತ್ತು, ಒಂದೇ ಕಡೆ ಬರೆದು, ಮೂರೂ ಕಡೆಯವರು ಅದನ್ನೇ ಕರೆಯುವಂತೆ ಮಾಡಿದರು. ಹಳೆಯ ಮಷಿನ್ ಒಂದರಲ್ಲಿ ಹೊಸ ಕರ್ನಲ್ಲು ಸಿದ್ಧವಾಗುವುದಕ್ಕೆ ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು. ಆಮೇಲೆ ಹತ್ತು ಹದಿನೈದು ಫೈಲುಗಳ ಒಂದು ಫೋಲ್ಡರ್ ಮಾಡಿಸಿ, ಹುಡುಕಿಸಿ, ಸೇರಿಸಿ, ಅಳಿಸಿ ನೋಡಿದರು. ದಿನಾ ನೋಡಿದರು. ಒಂದು ತಿಂಗಳು ಎಲ್ಲ ಸರಿಯಾಗಿಯೇ ಇತ್ತು. ಇದನ್ನು ಆ ಕರ್ನಲ್ಲನ್ನು ನೋಡಿಕೊಳ್ಳುವ ಹೊರದೇಶದವರಿಗೆ ಕಳಿಸಬೇಕೆಂದು ಅವರಿಗೆ ಆಸೆ. ಅದಕ್ಕೆ ಮುಂಚೆ ನಿಜವಾದ ಕೆಲಸ ನಡೆಯುವ ಮಷಿನ್ ಮೇಲೆ ಕೆಲವು ದಿನ ಓಡಬೇಕು ಎಂದರು. ಲ್ಯಾಬಿನ ದೊಡ್ಡ ಮಷಿನ್ನಿಗೆ ಹಾಕಿದರು. ವಿದ್ಯಾರ್ಥಿಗಳ ಇಂಟರ್ನಲ್ ಅಂಕಗಳೆಲ್ಲ ಇದ್ದದ್ದು ಅದರಲ್ಲೇ.

ನಾಲ್ಕನೇ ದಿನ ಬೆಳಿಗ್ಗೆ ಒಬ್ಬ ಲೆಕ್ಚರರು ಅಂಕಗಳ ಫೋಲ್ಡರಿನಲ್ಲಿ ಬೇಡವಾದ ಒಂದು ಹಳೇ ಫೈಲನ್ನು ಅಳಿಸಿದರು. ಅದರ ಜೊತೆಗೆ, ಅದರ ಹಿಂದುಮುಂದಿನ ಎಷ್ಟೋ ಹೆಸರುಗಳು ಪಟ್ಟಿಯಿಂದ ಹೋದವು. ಗಾಬರಿಯಲ್ಲಿ ಅವರು ಇನ್ನೂ ಏನೇನೋ ಒತ್ತಿದರು, ಇನ್ನಷ್ಟು ಹೋಯಿತು. ಮೇಷ್ಟ್ರು ಫ್ಲಾಪಿಯಲ್ಲಿ ತೆಗೆದಿಟ್ಟಿದ್ದ ನಕಲು ತಿಂಗಳ ಹಿಂದಿನದು.

ಪ್ರಿನ್ಸಿಪಾಲರು ಮೇಷ್ಟ್ರನ್ನೂ ನನ್ನನ್ನೂ ಕರೆಸಿದರು. ಮೇಷ್ಟ್ರು ನಡೆದದ್ದನ್ನು ಮೊದಲಿಂದ ಹೇಳಿ, ತಮ್ಮ ಬದಲಾವಣೆಯಿಂದಲೇ ಹೀಗಾಗಿರಬೇಕು ಎಂದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ಕಂಪ್ಯೂಟರ್ ತಿಳಿಯದ ಟೈಪಿಸ್ಟಿನ ಕೈಲಿ ಓದಿಸಿದರೆ ಇನ್ನೇನಾಗುತ್ತದೆ, ಇವರು ಸರಿಯಾಗಿ ಓದಿದ್ದರೋ ಇಲ್ಲವೋ ಎಂದು ಕೇಳಿದರು.

"ಅವರು ಓದಿದ್ದು ಸರಿಯಾಗೇ ಇತ್ತು. ಕೇಳಿದೋನು ನಾನು" ಅಂದರು ಮೇಷ್ಟ್ರು.

ನಾನು ಅಲ್ಲೇ ನಿಂತಿದ್ದೆ. ‘ಇದೂ ಹಾಗೇ ಇದೆ’ ಅಂದ ಆ ಮಧ್ಯಾಹ್ನ ನೆನಪಿಗೆ ಬಂತು. ಅದೇ ಕಾರಣವೋ ಅಲ್ಲವೋ ಗೊತ್ತಿರಲಿಲ್ಲ, ಆದರೆ ಹೇಳಬಹುದಿತ್ತು. ನಾಚಿಕೆಯಾಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಪ್ರಿನ್ಸಿಪಾಲರ ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನು ನೋಡುತ್ತಾ ನಿಂತಿದ್ದೆ. ಹೋಗಿ ಎಂದಾಗ ಹೊರಗೆ ಬಂದೆ.

ಲೆಕ್ಚರರುಗಳು ತಮ್ಮ ರಿಜಿಸ್ಟರುಗಳನ್ನು ತಂದು ಎರಡು ವಾರ ಕೂತು ಅಂಕಗಳನ್ನು ಮತ್ತೆ ಹಾಕಿದರು. ಒಬ್ಬರ ರಿಜಿಸ್ಟರು ಅರ್ಧಂಬರ್ಧವಿತ್ತು. ಆ ವಿಷಯದ ಹುಡುಗರಿಗೆಲ್ಲ ಮತ್ತೆ ಟೆಸ್ಟ್ ಆಯಿತು. ಹಗರೆಯ ಒಬ್ಬ ಹುಡುಗಿ ಬಾಣಂತಿ ಅಕ್ಕನನ್ನು ಬಿಟ್ಟು, ಎರಡು ಬಸ್ಸು ಬದಲಿಸಿಕೊಂಡು ಬಂದು ಬರೆದು ಹೋದಳು. ಮೊದಲ ಸಲ ಅವಳಿಗೆ ಒಳ್ಳೆಯ ಅಂಕ ಬಂದಿತ್ತಂತೆ, ಈ ಸಲ ಪಾಸಾಗುವಷ್ಟು ಮಾತ್ರ ಬಂತು. ಮೇಷ್ಟ್ರ ಹತ್ತಿರವಿದ್ದ ಲ್ಯಾಬಿನ ಬೀಗದ ಕೈ ವಾಪಸು ತೆಗೆದುಕೊಂಡರು. ಅವರನ್ನು ಸ್ಟೋರಿನಲ್ಲಿ ಕೂರಿಸಿದರು. ವರ್ಷದ ಕೊನೆಗೆ ನೌಕರಿಯನ್ನು ನವೀಕರಿಸಲಿಲ್ಲ. ಹೋಗುವ ದಿನ ಆಫೀಸಿಗೆ ಬಂದು ಎಲ್ಲರಿಗೂ ಹೇಳಿ ಹೋದರು. ನನಗೆ "ಬತ್ತೀನಿ ಕಣಮ್ಮ" ಅಂದರು. ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿಕೊಂಡು ಹೊರಗೆ ಕಾಲಿಟ್ಟರು. ಕಣ್ಣು ಅಷ್ಟು ಹೋಗಿದೆಯೆಂದು ನನಗೆ ಅವತ್ತೇ ತಿಳಿದದ್ದು.

ಅವರ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಹಳೇಬೀಡಿನ ಕಡೆಯವರು, ಸುತ್ತಿಬಳಸಿ ಮಾತಾಡದ ಹೆಂಗಸು. ಎರಡು ತಿಂಗಳಾದ ಮೇಲೆ ಡ್ಯೂಟಿಯ ಬಿಳಿ ಸೀರೆಯಲ್ಲೇ ನಮ್ಮ ಆಫೀಸಿಗೆ ಬಂದರು. ಆ ಕಾಗದದ ಕಟ್ಟುಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ, ಬಿಚ್ಚುವುದೂ ಇಲ್ಲ, ತೆಗೆದಿಡಲು ಬಿಡುವುದೂ ಇಲ್ಲ ಎಂದರು. ಕಣ್ಣು ಮತ್ತೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿದೆ ಎಂದರು. "ಭಾನುವಾರ ಬಂದು ಓದ್ತೀಯೇನಮ್ಮ? ಇದರಿಂದ ಏನು ಬರುತ್ತೆ ಅಂತ ನಾನೂ ಕೇಳಿದ್ದೆ. ಬರೋದಲ್ಲ, ಕಮ್ಮಿ ಆಗೋದು ಅಂದ್ರು. ಏನೋ, ನನಗಂತೂ ತಿಳೀಲಿಲ್ಲ."

ಭಾನುವಾರ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಮೇಷ್ಟ್ರು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಹೆಜ್ಜೆ ಕೇಳಿಯೇ ಗುರುತು ಹಿಡಿದರು. ಕುಶಲ ವಿಚಾರಿಸಲಿಲ್ಲ. ಮೂರನೇ ಕಟ್ಟು ತೆಗಿ ಎಂದರು.

ಮೊದಲಿಂದ ಓದಿದೆ. ಏಳೆಂಟು ಸಾಲು ದಾಟಿತು. ಅವತ್ತು ಕಣ್ಣು ಹಾಯಿಸಿ ಬಿಟ್ಟಿದ್ದ ಜಾಗ ಬಂತು. ಒಂದೊಂದೇ ಸಾಲು ಓದುತ್ತಾ ಹೋದೆ. ನಡುವೆ ಒಂದು ಚಿಕ್ಕ ಸಾಲು ಇತ್ತು. ಉಳಿದೆರಡು ಕಡೆ ಅದು ಇರಲಿಲ್ಲ. ಓದಿ ಚುಕ್ಕಿ ಎಂದೆ. ಮೇಷ್ಟ್ರು ಕೈ ಎತ್ತಿದರು.

"ಇನ್ನೊಂದ್ಸಲ ಓದಮ್ಮ."

ಓದಿದೆ. ಅವರು ತಲೆಯಾಡಿಸಿದರು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಫೋಲ್ಡರಿನ ಹೆಸರುಗಳನ್ನು ಡಿಸ್ಕು ಪುಟ ಪುಟವಾಗಿ ಬರೆದಿಡುತ್ತದೆ. ಒಂದು ಹೆಸರನ್ನು ಅಳಿಸಿದಾಗ ಅದರ ಜಾಗವನ್ನು ಹಿಂದಿನ ಹೆಸರಿಗೆ ಸೇರಿಸುತ್ತದೆ. ಆದರೆ ಹೊಸ ಪುಟದ ಮೊದಲ ಹೆಸರಿಗೆ ಹಿಂದಿನದು ಎಂಬುದಿಲ್ಲ. ಆ ಸಾಲು ಹೇಳುತ್ತಿದ್ದದ್ದು ಅಷ್ಟೇ: ಪುಟ ತಿರುಗಿದಾಗ ಹಿಂದಿನ ಹೆಸರನ್ನು ಬಿಟ್ಟುಬಿಡು. ನಾವು ಅದನ್ನು ತೆಗೆದುಹಾಕಿದ್ದೆವು. ನಮ್ಮ ಹತ್ತು ಹದಿನೈದು ಫೈಲುಗಳ ಪರೀಕ್ಷೆ ಒಂದೇ ಪುಟದಲ್ಲಿ ಮುಗಿದಿತ್ತು. ಅಂಕಗಳ ಫೋಲ್ಡರು ಎಷ್ಟೋ ಪುಟಗಳದ್ದು.

"ಅವತ್ತು ನಾನು ಇದನ್ನ ಓದಿರಲಿಲ್ಲ ಸರ್" ಅಂದೆ. "ಹಾಗೇ ಇದೆ ಅಂದುಬಿಟ್ಟೆ."

"ಗೊತ್ತು."

"ಯಾವಾಗಿಂದ?"

"ಅವತ್ತೇ. ಅರ್ಧಕ್ಕೆ ನಿಲ್ಲಿಸಿದ್ದು ನನಗೆ ಕೇಳ್ಲಿಲ್ವಾ? ನನಗೂ ಸಾಕಾಗಿತ್ತು. ಹಾಗೇ ಇರಲಿ ಅನ್ನೋ ಆಸೆ ನನಗೂ ಇತ್ತು ಕಣಮ್ಮ. ನೀನು ಹಾಗೇ ಐತೆ ಅಂದೆ, ನಾನು ಸರಿ ಅಂದೆ. ಸರಿ ಅಂದೋನ ತಪ್ಪು ಅದು."

ಒಳಗಿನ ಕೋಣೆಯಲ್ಲಿ ಅವರ ಹೆಂಡತಿ ಕೆಲಸ ನಿಲ್ಲಿಸಿದ್ದು ಕೇಳಿಸಿತು. ಅವರು ಹೊರಗೆ ಬರಲಿಲ್ಲ. ಪ್ರಿನ್ಸಿಪಾಲರ ಮುಂದೆ ನಾನು ಏಕೆ ಬಾಯಿ ಬಿಡಲಿಲ್ಲವೆಂದು ಮೇಷ್ಟ್ರು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. "ಹೂಂ, ಮುಂದಕ್ಕೆ ಓದು" ಅಂದರು.

ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ನಾನು ನಡೆದದ್ದನ್ನು ಹೇಳಿದ್ದು ಆ ಸೋಮವಾರ. ಅವರು ಕೇಳಿಸಿಕೊಂಡು, ಈಗ ಅದನ್ನೆಲ್ಲ ಯಾಕೆ ಎತ್ತುತ್ತೀರಿ, ಮುಗಿದುಹೋಯಿತಲ್ಲ ಎಂದರು. ಮೇಷ್ಟ್ರಿಗೆ ನೌಕರಿ ಮತ್ತೆ ಸಿಗಲಿಲ್ಲ. ನನ್ನದು ಹೋಗಲೂ ಇಲ್ಲ.

ಆ ಮಳೆಗಾಲವೆಲ್ಲ ಭಾನುವಾರಗಳಲ್ಲಿ ಕೆಲಸ ನಡೆಯಿತು. ಈ ಸಲ ಮೂರನ್ನೂ ಕೊನೆಯವರೆಗೆ, ಎರಡೆರಡು ಸಲ ಓದಿಸಿದರು. ನಿಜವಾಗಿ ಒಂದೇ ಆಗಿದ್ದುದನ್ನು ಮಾತ್ರ ಒಂದು ಕಡೆ ಇಟ್ಟರು. ಅಳಿಸುವ ಕಡೆಯ ಆ ಚಿಕ್ಕ ಸಾಲನ್ನು ಅದರ ಜಾಗದಲ್ಲೇ ಉಳಿಸಿ, ಮೇಲೆ ಒಂದು ಟಿಪ್ಪಣಿ ಬರೆಸಿದರು: ಈ ಸಾಲು ಬೇರೆ ಕಡೆ ಇಲ್ಲ, ಇಲ್ಲಿ ಬೇಕು. ಪರೀಕ್ಷೆಗೆ ಸಾವಿರಾರು ಹೆಸರುಗಳ ಫೋಲ್ಡರ್ ಮಾಡಿಸಿದರು. ಮಷಿನ್ ಇರಲಿಲ್ಲವಲ್ಲ, ಅವರ ಹಳೆಯ ವಿದ್ಯಾರ್ಥಿಯೊಬ್ಬ ಬಸ್ ಸ್ಟ್ಯಾಂಡಿನ ಹತ್ತಿರ ಇಂಟರ್ನೆಟ್ ಸೆಂಟರ್ ತೆರೆದಿದ್ದ. ಮೂಲೆಯ ಒಂದು ಮಷಿನ್ನನ್ನು ಇವರಿಗೆ ಬಿಟ್ಟುಕೊಟ್ಟಿದ್ದ. ಮೇಷ್ಟ್ರು ನನ್ನ ಮೊಣಕೈ ಹಿಡಿದುಕೊಂಡು ರೈಲ್ವೆ ಗೇಟು ದಾಟಿ ಬರುತ್ತಿದ್ದರು. ಹಾರನಹಳ್ಳಿಯಲ್ಲಿ ಅದರ ಬಗ್ಗೆಯೂ ಮಾತು ಬಂತು. ಅಣ್ಣ ಕೇಳಿದ, ನಾನು ಇರುವುದನ್ನು ಹೇಳಿದೆ. ಅವನು ಮತ್ತೆ ಕೇಳಲಿಲ್ಲ.

ಹೊರದೇಶದವರಿಗೆ ಮೇಲ್ ಕಳಿಸುವಾಗ ಕೊನೆಯಲ್ಲಿ ತಮ್ಮ ಹೆಸರು ಹಾಕಿಸಿದರು. ಅದರ ಕೆಳಗೆ, ಓದಿ ವ್ಯತ್ಯಾಸ ಕಂಡುಹಿಡಿದವರು ಎಂದು ನನ್ನ ಹೆಸರನ್ನು ಟೈಪ್ ಮಾಡು ಎಂದರು. ಬೇಡ ಸರ್ ಎಂದೆ. ಓದಿದ್ದು ಯಾರು ಎಂದು ಕೇಳಿದರು. ಟೈಪ್ ಮಾಡಿದೆ.

ಮೂರು ವಾರದ ಮೇಲೆ ಉತ್ತರ ಬಂತು, ಎರಡೇ ಸಾಲು. ಒಟ್ಟಿಗೆ ಕಳಿಸಬೇಡಿ, ಎರಡಾಗಿ ಒಡೆದು ಕಳಿಸಿ ಎಂದಿತ್ತು. ಒಡೆದು ಕಳಿಸಿದೆವು. ಮತ್ತೆ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಆಮೇಲೆ ಒಂದು ದಿನ ಸೇರಿಸಿದ್ದೇವೆ, ಥ್ಯಾಂಕ್ಸ್ ಎಂದು ಬಂತು. ಮಾರನೇ ವರ್ಷ ಪತ್ರಿಕೆಯ ಜೊತೆಗೆ ಬಂದ ಹೊಸ ಸಿ.ಡಿ.ಯಿಂದ ಆ ಭಾಗವನ್ನು ಪ್ರಿಂಟ್ ಮಾಡಿಸಿ ಅವರಿಗೆ ಓದಿದೆ. ಮೂರು ಕಡೆ ಇದ್ದದ್ದು ಒಂದೇ ಕಡೆಗೆ ಇಳಿದಿತ್ತು, ಬೇಗ ಮುಗಿದುಹೋಯಿತು.

"ಇಷ್ಟೇನಾ?" ಅಂದರು.

"ಇಷ್ಟೇ ಸರ್."

ಅವರ ಮುಖ ನೋಡಿದೆ. ಹಲ್ಲು ಕಾಣುವಂತೆ ನಕ್ಕರು, ಚಿಕ್ಕ ಮಕ್ಕಳ ಹಾಗೆ. ಅವರಿಗೆ ಎಷ್ಟು ಸಂತೋಷವಾಯಿತೆಂದು ನನಗೆ ಗೊತ್ತಾಯಿತು. ನನಗೂ ಸಂತೋಷವಾಗಬೇಕಿತ್ತೆಂದು ಗೊತ್ತಾಯಿತು.

ಆಮೇಲೆ ನನಗೆ ಬೇಲೂರಿನಲ್ಲಿ ಕೆಲಸವಾಯಿತು. ಪಹಣಿಗಳನ್ನು ಕಂಪ್ಯೂಟರಿಗೆ ಹಾಕುವ ಕಾಲ, ಆಪರೇಟರುಗಳು ಬೇಕಾಗಿದ್ದರು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ಮೇಷ್ಟ್ರ ಮನೆಗೆ ಹೋಗುವುದು ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ ಆಯಿತು. ಕೈಬರಹದ ಪಹಣಿಗೂ ಟೈಪ್ ಮಾಡಿದ್ದಕ್ಕೂ ತಾಳೆ ನೋಡುವಾಗ ನಾನು ತುಟಿ ಅಲ್ಲಾಡಿಸಿಕೊಂಡು ಓದುತ್ತೇನೆ. ಜೊತೆಯವರು ನಗುತ್ತಾರೆ, ನಿಧಾನ ಎಂದು ಬೈಯುತ್ತಾರೆ. ಅಣ್ಣತಮ್ಮಂದಿರ ಎರಡು ಪಹಣಿ ಒಂದೇ ಥರ ಕಂಡಾಗ ಎರಡನೆಯದನ್ನು ನಾನು ಕೊನೆಯವರೆಗೆ ಓದದೆ ಬಿಟ್ಟದ್ದಿಲ್ಲ. ಹಾಗೆ ಓದಿದ್ದರಿಂದ ಎಷ್ಟೋ ಸಲ ಏನೂ ಸಿಕ್ಕಿಲ್ಲ. ಎರಡು ಸಲ ಸಿಕ್ಕಿದೆ.

ಮೇಷ್ಟ್ರ ಕಾಯಿಲೆ ಕಿಡ್ನಿಗೆ ಇಳಿಯಿತು. ವಾರಕ್ಕೆರಡು ದಿನ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದರು. ಕೊನೆಯ ಸಲ ನಾನು ಹೋದಾಗ ಮುಖ ಊದಿಕೊಂಡಿತ್ತು, ಕಾಲಿನ ಮೇಲೆ ಹೊದಿಕೆ ಹಾಕಿದ್ದರು. ಓದಲು ಏನೂ ಒಯ್ದಿರಲಿಲ್ಲ. ಅವರೂ ಕೇಳಲಿಲ್ಲ. ಅವರ ಹೆಂಡತಿ ಡ್ಯೂಟಿಗೆ ಹೋಗಿದ್ದರು. 

"ಇಷ್ಟು ವರ್ಷ ನಿನ್ನ ಹತ್ರ ಬರೀ ಓದಿಸ್ದೆ" ಅಂದರು. "ನಿನ್ನ ಯಜಮಾನ್ರ ವಿಷಯ ಒಂದಿನಾನೂ ಕೇಳ್ಲಿಲ್ಲ. ಹೇಳಮ್ಮ, ಕೇಳ್ತೀನಿ."

ಆ ವಿಷಯವನ್ನು ನಾನು ಎಷ್ಟೋ ಸಲ ಹೇಳಿದ್ದೆ. ಪೊಲೀಸರಿಗೆ, ಎಸ್ಟೇಟಿನವರಿಗೆ, ನೆಂಟರಿಗೆ. ಹೇಳಿ ಹೇಳಿ ಅದೂ ಬಾಯಿಪಾಠವಾಗಿತ್ತು. ಜೀಪು, ಇಳಿಜಾರು, ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆ. ಅಷ್ಟನ್ನೂ ಹೇಳಿದೆ. ಮೇಷ್ಟ್ರ ಎಡಗೈ ಹೊದಿಕೆಯ ಮೇಲಿತ್ತು. ಎರಡು ಬೆರಳು ಮಡಚಿದ್ದವು. ನಾನು ನಿಲ್ಲಿಸಿದ ಮೇಲೂ ಅವು ಬಿಡಿಸಿಕೊಳ್ಳಲಿಲ್ಲ. ಅವರು ಕಾಯುತ್ತಿದ್ದರು.

ಅವತ್ತು ಬೆಳಿಗ್ಗೆ ನಮ್ಮ ಯಜಮಾನರು ರಜ ಹಾಕುತ್ತೇನೆ ಅಂದಿದ್ದರು. ಮೈ ಸರಿಯಿಲ್ಲ, ಹೋಗಲು ಮನಸ್ಸಿಲ್ಲ ಅಂದಿದ್ದರು. ಮನೆಯಲ್ಲಿ ಕೂತು ಏನು ಮಾಡುತ್ತೀರಿ, ಹೋಗಿ ಬನ್ನಿ ಅಂದವಳು ನಾನು. ಶರಟಿನ ಗುಂಡಿ ಬಿದ್ದುಹೋಗಿತ್ತು, ಆತುರದಲ್ಲಿ ಪಿನ್ನು ಹಾಕಿ ಕಳಿಸಿದೆ. ಆಸ್ಪತ್ರೆಯಲ್ಲಿ ಆ ಶರಟನ್ನು ನನ್ನ ಕೈಗೆ ಕೊಟ್ಟಾಗ ಪಿನ್ನು ಹಾಗೇ ಇತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಣ್ಣನಿಗೂ ಹೇಳಿರಲಿಲ್ಲ. ಮೇಷ್ಟ್ರಿಗೆ ಹೇಳಿದೆ. ಅಯ್ಯೋ ಅನ್ನಲಿಲ್ಲ ಅವರು. ನಿನ್ನ ತಪ್ಪಲ್ಲ ಎಂದೂ ಅನ್ನಲಿಲ್ಲ.

"ಹೂಂ" ಅಂದರು. "ಮುಂದೆ?"

ಮುಂದಿನದನ್ನು ಹೇಳಿದೆ. ನಮ್ಮ ಯಜಮಾನರು ಹೇಗೆ ನಗುತ್ತಿದ್ದರು, ಸಾರಿಗೆ ಉಪ್ಪು ಕಡಿಮೆಯಾದರೆ ಏನನ್ನುತ್ತಿದ್ದರು, ಹಾಜರಿ ಪುಸ್ತಕದಲ್ಲಿ ಆಳುಗಳ ಹೆಸರನ್ನು ಎಷ್ಟು ದುಂಡಗೆ ಬರೆಯುತ್ತಿದ್ದರು. ಸಂಜೆ ಮೇಷ್ಟ್ರ ಹೆಂಡತಿ ಬಂದು ದೀಪ ಹಾಕುವವರೆಗೂ ಹೇಳುತ್ತಲೇ ಇದ್ದೆ.  

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಬೇಲೂರಿನ ಆಫೀಸಿಗೆ ಫೋನ್ ಬಂತು. ಅವರ ಹೆಂಡತಿಯೇ ಮಾಡಿದ್ದರು. ಬೆಳಗಿನ ಜಾವ ಹೋದರು, ನಿದ್ದೆಯಲ್ಲೇ ಎಂದರು. ರಜ ಬರೆದುಕೊಟ್ಟು ಬಸ್ಸು ಹತ್ತಿದೆ. ನಾನು ಹೋಗುವ ಹೊತ್ತಿಗೆ ಹೊರಡಿಸುವ ಸಿದ್ಧತೆ ನಡೆದಿತ್ತು. ಹೆಚ್ಚು ಜನ ಇರಲಿಲ್ಲ. ಕಾಲೇಜಿನಿಂದ ಇಬ್ಬರು ಬಂದಿದ್ದರು. ಮೇಷ್ಟ್ರ ಮುಖ ತೊಳೆದಿದ್ದರು, ವಿಭೂತಿ ಇಟ್ಟಿದ್ದರು. ಕಾಲು ಮುಟ್ಟಿ ಹಿಂದೆ ಬಂದು ನಿಂತೆ. ಅವರ ಹೆಂಡತಿ ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು. ಅವತ್ತು ಅತ್ತೆನೋ ಇಲ್ಲವೋ ನನಗೆ ನೆನಪಿಲ್ಲ.

ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೊರಟೆ. ಜಾವಗಲ್ಲಿನಲ್ಲಿ ಹತ್ತಿದ ಒಬ್ಬ ಹೆಂಗಸು ಪಕ್ಕದಲ್ಲಿ ಬಂದು ಕೂತಳು. ನನ್ನ ಒದ್ದೆ ಸೆರಗನ್ನೂ ಮುಖವನ್ನೂ ನೋಡಿ, ಸಾವಿಗೆ ಹೋಗಿದ್ದಿರಾ, ಯಾರು ಎಂದು ಕೇಳಿದಳು.

"ನಮ್ಮ ಮೇಷ್ಟ್ರು" ಅಂದೆ.

"ಏನು ಹೇಳ್ಕೊಡ್ತಿದ್ರು?"

 ಬಸ್ಸು ಹಳೇಬೀಡಿನ ಕೆರೆ ಏರಿಯ ಹತ್ತಿರ ಬರುವವರೆಗೂ ಯೋಚಿಸಿದೆ. ಆಕೆ ಆ ಹೊತ್ತಿಗೆ ಮರೆತು ಕಿಟಕಿಯ ಕಡೆ ನೋಡುತ್ತಿದ್ದಳು.

"ಅವರು ಹೇಳ್ಕೊಡ್ತಿರಲಿಲ್ಲ" ಅಂದೆ. "ನಾನು ಓದ್ತಿದ್ದೆ. ಅವರು ಕೇಳ್ತಿದ್ರು."